ಹೆಬ್ಬೆರಳು, ಇದ್ದಿಲು ಮತ್ತು ಅರವತ್ತು ಪೌಂಡು

ಬಹಳ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಹೋದ ತಿಂಗಳು ಭದ್ರಾವತಿಗೆ ಹೋಗಿದ್ದಾಗ ಚಿಕ್ಕಪ್ಪನ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಹಳೇ ಹಿತ್ತಾಳೆ ಹಂಡೆ, ಇಲಿ ಕಡಿದ ಪಂಚಾಂಗಗಳು, ಅಂಬಾಸಿಡರ್ ಕಾರಿನ ಒಂದು ಹಬ್ ಕ್ಯಾಪು, ಅದರೊಳಗೆ ಒಂದು ಪಾಕೆಟ್ ಡೈರಿ. 1988ರದ್ದು. ಡೀಸೆಲ್ಲು, ಪೆಟ್ರೋಲು, ಬಾಡಿಗೆ ಲೆಕ್ಕಗಳ ನಡುವೆ ಒಂದು ಪುಟದಲ್ಲಿ ಇಷ್ಟೇ ಬರೆದಿತ್ತು:

1 – 125
2 – 60
3 – 60
4 – 120

ಪಕ್ಕದಲ್ಲಿ ಎರಡು ಗೆರೆ ಎಳೆದು, "ಬೋರ್ ಬೇಡ" ಅಂತ ಚಿಕ್ಕಪ್ಪನ ಕೈಬರಹ.

ಆ ನಾಲ್ಕು ಅಂಕಿಗಳು ಬರೆಯುವಾಗ ನಾನು ಅಲ್ಲೇ ಇದ್ದೆ. ಡ್ರೈವರ್ ಸೀಟಿನಲ್ಲಿ ಕೂತು ಆಕ್ಸಿಲರೇಟರ್ ಒತ್ತಿ ಹಿಡಿದಿದ್ದವನು ನಾನೇ. ಆ ಕಥೆ ಹೇಳಬೇಕು ಅಂತ ಕೂತರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಬರ್ತಾ ಇದೆ. ಹಾಗಾಗಿ ಸ್ವಲ್ಪ ಉದ್ದ ಆಗತ್ತೆ, ಸೈರಿಸಿಕೊಳ್ಳಿ. ಯಂತ್ರಗಳ ವಿಷಯ ಅಂದ ಕೂಡಲೇ ಪುಟ ಮುಚ್ಚುವ ಗೆಳೆಯರಿಗೆ ಒಂದು ಮಾತು: ಇದರಲ್ಲಿ ನಮ್ಮ ಅಜ್ಜನೂ ಬರ್ತಾರೆ, ಕಾಡೂ ಬರತ್ತೆ.

ಮೊದಲು ಈ ಕಂಪ್ರೆಷನ್ ಅನ್ನೋದು ಏನು ಅಂತ. ಸೈಕಲ್ಲಿಗೆ ಗಾಳಿ ಹಾಕಿದವರಿಗೆಲ್ಲ ಇದು ಗೊತ್ತು. ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿದರೆ ಹಿಡಿಕೆ ಎದುರು ಒತ್ತತ್ತೆ, ನಾಲ್ಕು ಸಲ ಒತ್ತಿದರೆ ಪಂಪಿನ ಬುಡ ಬಿಸಿ ಆಗತ್ತೆ. ಎಂಜಿನ್ನಿನಲ್ಲಿ ನಡೆಯೋದೂ ಅದೇ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು (ಪೆಟ್ರೋಲ್ ಎಂಜಿನ್ ಆದರೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು) ಪಿಸ್ಟನ್ನು ಮೇಲಕ್ಕೆ ಬಂದು ಹಿಸುಕತ್ತೆ, ಆಮೇಲೆ ಬೆಂಕಿ. ಪಂಪಿನ ಒಳಗಿನ ವಾಷರ್ ಹರಿದಿದ್ದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗಲ್ಲ. ಎಂಜಿನ್ನಿನಲ್ಲೂ ಎಲ್ಲಾದರೂ ಸೋರಿದರೆ ಬೆಂಕಿ ಹತ್ತಿದರೂ ತಳ್ಳುವ ಶಕ್ತಿ ಇರಲ್ಲ. "ಕಂಪ್ರೆಷನ್ ಹೋಗಿದೆ" ಅಂತ ಗ್ಯಾರೇಜಿನವರು ಹೇಳೋದು ಇದನ್ನೇ.

ಈಗ ಇದು ಎಷ್ಟು ಸಹಜ ಅನ್ನಿಸಿದರೂ ಮೊದಲಿಗೆ ಯಾರಿಗೂ ಹೊಳೆದಿರಲಿಲ್ಲ. 1860ರಲ್ಲಿ ಪ್ಯಾರಿಸ್ಸಿನಲ್ಲಿ ಲೆನ್ವಾ ಅನ್ನುವವನು ಗ್ಯಾಸಿನಿಂದ ಓಡುವ ಎಂಜಿನ್ ಮಾಡಿದ. ಅದರಲ್ಲಿ ಹಿಸುಕುವ ಹಂತವೇ ಇರಲಿಲ್ಲ. ಗ್ಯಾಸು ಒಳಗೆ ಬಂತು, ಕಿಡಿ ಕೊಟ್ಟರು, ಉರಿಯಿತು, ಅಷ್ಟೇ. ಗ್ಯಾಸನ್ನು ನುಂಗಿ ಬಿಸಿಯಾಗೋದೇ ಅದರ ಮುಖ್ಯ ಕೆಲಸ ಆಗಿತ್ತು! ಎರಡು ವರ್ಷದ ನಂತರ, 1862ರಲ್ಲಿ, ಬೋ ದ ರೋಶಾ ಎಂಬ ಫ್ರೆಂಚ್ ಎಂಜಿನಿಯರು "ಮೊದಲು ಹಿಸುಕಿ, ಆಮೇಲೆ ಉರಿಸಿ" ಅನ್ನುವ ನಾಲ್ಕು ಹಂತಗಳ ಕ್ರಮವನ್ನು ಕಾಗದದ ಮೇಲೆ ಬರೆದ. ಆದರೆ ಎಂಜಿನ್ ಮಾಡಲಿಲ್ಲ. ಅದನ್ನು ಮಾಡಿ ತೋರಿಸಿದವನು ಜರ್ಮನಿಯ ನಿಕೋಲಸ್ ಆಟೋ, 1876ರಲ್ಲಿ. ನಮ್ಮ ಸ್ಕೂಟರು, ಕಾರುಗಳ ಫೋರ್ ಸ್ಟ್ರೋಕ್ ಎಂಜಿನ್‌ಗಳೆಲ್ಲ ಆ ಎಂಜಿನ್ನಿನ ವಂಶಸ್ಥರೇ.

ಅಲ್ಲಿಂದ ಮುಂದಕ್ಕೆ ಹೋದವನು ರುಡಾಲ್ಫ್ ಡೀಸೆಲ್. ಗಾಳಿಯನ್ನು ಸಾಕಷ್ಟು ಹಿಸುಕಿದರೆ ಅದರ ಬಿಸಿಗೇ ಎಣ್ಣೆ ಹತ್ತಿಕೊಳ್ಳತ್ತೆ, ಕಿಡಿಯೇ ಬೇಡ ಅಂದ. 1893ರ ಆಗಸ್ಟ್ 10ರಂದು ಆಗ್ಸ್‌ಬರ್ಗ್‌ನಲ್ಲಿ ಮೊದಲ ಸಲ ಇಂಧನ ಬಿಟ್ಟು ನೋಡಿದಾಗ ಢಮಾರ್ ಅಂತ ಸದ್ದಾಗಿ ಒತ್ತಡ ಅಳೆಯಲು ಕೂರಿಸಿದ್ದ ಸಾಧನವೇ ಒಡೆದು ಸಿಡಿಯಿತು. ಎಂಜಿನ್ ತನ್ನಷ್ಟಕ್ಕೆ ಓಡಲಿಲ್ಲ, ಆದರೆ ಬೆಂಕಿ ಹತ್ತಿತ್ತು. 1897ರಲ್ಲಿ ಪ್ರೊಫೆಸರ್ ಶ್ರೋಟರ್ ಪರೀಕ್ಷೆ ಮಾಡಿದಾಗ ಇಂಧನದ ಶಕ್ತಿಯಲ್ಲಿ ನೂರಕ್ಕೆ 26 ಪಾಲು ಕೆಲಸವಾಗಿ ಹೊರಬಂತು. ಆ ಕಾಲಕ್ಕೆ ಅದು ದೊಡ್ಡ ಸುದ್ದಿ.

ನನಗೆ ಇದರಲ್ಲಿ ಕುತೂಹಲ ಹುಟ್ಟಿಸಿದ್ದು ಆ ಒಡೆದ ಸಾಧನ. ಅದರ ಹೆಸರು ಇಂಡಿಕೇಟರ್. ಅದು ಡೀಸೆಲ್ಲನ ಕಾಲದ್ದಲ್ಲ, ಅವನಿಗಿಂತ ನೂರು ವರ್ಷ ಹಳೆಯದು. ಉಗಿ ಎಂಜಿನ್ನಿನ ಜೇಮ್ಸ್ ವ್ಯಾಟ್ ಮತ್ತು ಅವನ ಸಹಾಯಕ ಜಾನ್ ಸದರ್ನ್ 1796ರ ಹೊತ್ತಿಗೆ ಸಿಲಿಂಡರಿನ ಒತ್ತಡವನ್ನು ಪೆನ್ಸಿಲ್ಲಿನಿಂದ ಕಾಗದದ ಮೇಲೆ ತಾನೇ ಬರೆಯುವ ಹಾಗೆ ಒಂದು ಚಿಕ್ಕ ಯಂತ್ರ ಮಾಡಿದ್ದರು. ಸ್ಪ್ರಿಂಗು, ಒಂದು ಪುಟ್ಟ ಪಿಸ್ಟನ್ನು, ಒಂದು ಹಲಗೆ. ಎಂಜಿನ್ ಬಿಚ್ಚದೆ ಅದರೊಳಗೆ ಏನಾಗ್ತಿದೆ ಅಂತ ನೋಡುವ ಮೊದಲ ಕಣ್ಣು ಅದು. ವ್ಯಾಟನ ಕಂಪನಿ ಅದನ್ನು ಎಷ್ಟೋ ವರ್ಷ ಗುಟ್ಟಾಗಿ ಇಟ್ಟುಕೊಂಡಿತ್ತಂತೆ. ಯಾಕೆ ಅಂತ ಅರ್ಥ ಆಗತ್ತೆ ಬಿಡಿ. ಒಳಗಿನದ್ದು ನೋಡಬಲ್ಲವನು ಒಬ್ಬನೇ ಆದರೆ ಅವನು ಹೇಳಿದ್ದೇ ವೇದ.

ಗ್ಯಾರೇಜಿನ ಕಂಪ್ರೆಷನ್ ಗೇಜು ಈ ಇಂಡಿಕೇಟರಿನ ಬಡ ನೆಂಟ ಅಂತ ನಾನು ತಿಳಿದುಕೊಂಡಿದ್ದೇನೆ. ಪೂರ್ತಿ ಚಿತ್ರ ಬರೆಯಲ್ಲ, ಅತಿ ಹೆಚ್ಚು ಒತ್ತಡ ಎಷ್ಟು ಅಂತ ಮಾತ್ರ ಹೇಳತ್ತೆ. ಒಂದು ಮುಳ್ಳು, ಒಂದು ಕೊಳವೆ, ಸೈಕಲ್ ಟ್ಯೂಬಿನಲ್ಲಿರುವಂಥದೇ ಒಂದು ವಾಲ್ವು. ಒಳಗೆ ಹೋದ ಗಾಳಿ ವಾಪಸ್ ಬರದ ಹಾಗೆ.

ಇನ್ನು ನಮ್ಮ ಊರಿಗೆ ಬರೋಣ.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಹೆಸರಿಗೆ ತಕ್ಕ ಹಾಗೆ ಅಲ್ಲಿ ದೊಡ್ಡ ಬೆಂಕಿಯೇ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಂಡ ಕನಸು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಕಬ್ಬಿಣದ ಕಾರ್ಖಾನೆ. 1918ರಲ್ಲಿ ಶುರುವಾದ ಕೆಲಸ, 1923ರ ಜನವರಿ 18ಕ್ಕೆ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯಿಂದ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ, ಆದ್ದರಿಂದ ಉರುವಲು ನಮ್ಮ ಕಾಡಿನ ಮರ. ಮರವನ್ನು ಹಾಗೇ ಸುಟ್ಟರೆ ಹಾಳು ಅಂತ ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವ, ಅದರ ಜೊತೆಗೆ ಟಾರು, ಮರದ ಸ್ಪಿರಿಟ್ಟು ಎಲ್ಲ ತೆಗೆಯುವ ಘಟಕವೇ ಅಲ್ಲಿತ್ತು. ಇದ್ದಿಲಿನಲ್ಲಿ ಗಂಧಕ ಕಡಿಮೆ, ಹಾಗಾಗಿ ಅದರಲ್ಲಿ ಕರಗಿಸಿದ ಕಬ್ಬಿಣ ಎರಕಕ್ಕೆ ಬಲು ಒಳ್ಳೆಯದು. ಒಳ್ಳೆಯದೇನೋ ಸರಿ, ಅದಕ್ಕಾಗಿ ಎಷ್ಟು ಕಾಡು ಹೋಯಿತು ಅನ್ನುವ ಲೆಕ್ಕವನ್ನು ನಾವು ಕಾರ್ಖಾನೆಯ ಹೆಮ್ಮೆಯ ಜೊತೆ ಯಾವತ್ತೂ ಸೇರಿಸಿ ಹೇಳಲ್ಲ. ನಾನೂ ಕಾರ್ಖಾನೆಯ ಸೈರನ್ ಕೇಳಿ ಬೆಳೆದವನೇ, ನನಗೂ ಆ ಹೆಮ್ಮೆ ಇದೆ. ಆದರೂ ಅದು ಮನಸ್ಸಿಗೆ ಚುಚ್ಚತ್ತೆ.

ಈ ಇದ್ದಿಲು ಎಂಜಿನ್ನಿನ ಕಥೆಗೆ ಹೇಗೆ ಬಂತು ಅಂದರೆ, ಎರಡನೇ ಮಹಾಯುದ್ಧದಿಂದ. 1941ರಲ್ಲಿ ಇಂಡಿಯಾದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳು ನಿಲ್ಲಬೇಕಾದ ಪರಿಸ್ಥಿತಿ. ಆಗ ಬಸ್ಸಿನ ಹಿಂದೆ ಆಳೆತ್ತರದ ತಗಡಿನ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಬರುವ ಗ್ಯಾಸನ್ನು ಎಂಜಿನ್ನಿಗೆ ಬಿಟ್ಟು ಓಡಿಸಿದರು. ಯುರೋಪಿನಲ್ಲೂ ಹಾಗೇ ಓಡಿಸಿದರು. ಅಲ್ಲಿ ಇಂಬರ್ಟ್ ಅನ್ನುವ ಎಂಜಿನಿಯರು ಯುದ್ಧಕ್ಕೆ ಮೊದಲೇ ಸೌದೆ ಗ್ಯಾಸಿನ ಒಲೆ ಮಾಡಿದ್ದ. ಮಲೆನಾಡಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಪೆಟ್ರೋಲ್ ಇಲ್ಲದಿದ್ದರೂ ಇದ್ದಿಲಿಗೇನು ಬರ!

ನಮ್ಮಜ್ಜ ಆಗ ಶಿವಮೊಗ್ಗ-ತೀರ್ಥಹಳ್ಳಿ ದಾರಿಯ ಒಂದು ಬಸ್ಸಿನಲ್ಲಿ ಕ್ಲೀನರ್. ಹದಿನಾರೋ ಹದಿನೇಳೋ ವಯಸ್ಸು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಒಲೆಗೆ ಇದ್ದಿಲು ತುಂಬಿ, ಬೆಂಕಿ ಕೊಟ್ಟು, ಕೈಪಂಕ ತಿರುಗಿಸೋದು ಅವರ ಕೆಲಸ. ಕಾಲು ಗಂಟೆ ತಿರುಗಿಸಿದ ಮೇಲೆ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿಯೋದು. ಗ್ಯಾಸು ನೀಲಿಯಾಗಿ ಹತ್ತಿಕೊಂಡರೆ ಡ್ರೈವರಣ್ಣನನ್ನು ಎಬ್ಬಿಸೋದು. ಬಲಗೈ ಮಣಿಕಟ್ಟಿನ ಮೇಲೆ ಅವರಿಗೆ ಸಾಯೋವರೆಗೂ ಒಂದು ಸುಟ್ಟ ಗುರುತಿತ್ತು. ಮಂಡಗದ್ದೆ ದಾಟಿ ಏರು ಸಿಕ್ಕಿದರೆ ಜನ ತಾವಾಗೇ ಇಳಿದು ನಡೀತಿದ್ದರಂತೆ, ಯಾರೂ ಹೇಳಬೇಕಾಗಿರಲಿಲ್ಲ. "ಟಿಕೀಟು ಬಸ್ಸಿಗೆ ಕೊಡೋದು, ನಡೆಯೋದು ಕಾಲಲ್ಲಿ" ಅಂತ ಅಜ್ಜ ನಗ್ತಿದ್ದರು.

ಅದು ಯಾಕೆ ಹಾಗೆ ಏದುಸಿರು ಬಿಡ್ತಿತ್ತು ಅನ್ನೋದಕ್ಕೆ ಲೆಕ್ಕ ಇದೆ. ಇದ್ದಿಲು ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಉರಿಯದ ಸಾರಜನಕ, ಉಳಿದದ್ದರಲ್ಲಿ ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡು. ಪೆಟ್ರೋಲಿನಲ್ಲಿ ನೂರು ಕುದುರೆಯ ಎಂಜಿನ್ನು ಇದರಲ್ಲಿ ಅರವತ್ತರ ಹತ್ತಿರ ಬಂದು ನಿಲ್ಲತ್ತೆ. ಅದಕ್ಕೆ ಮದ್ದು ಅಂದರೆ ಗ್ಯಾಸನ್ನು ಇನ್ನೂ ಹೆಚ್ಚು ಹಿಸುಕೋದು, ಅಂದರೆ ಕಂಪ್ರೆಷನ್ ಏರಿಸೋದು. ಇದ್ದಿಲು ಗ್ಯಾಸು ಪೆಟ್ರೋಲಿನ ಹಾಗೆ ಬೇಗ ಬಡಿದುಕೊಳ್ಳಲ್ಲ (ನಾಕಿಂಗ್ ಅಂತಾರಲ್ಲ, ಅದು), ಹಾಗಾಗಿ ಹೆಚ್ಚು ಹಿಸುಕಬಹುದು. ಆದರೆ ನಡೀತಾ ಇದ್ದದ್ದು ಉಲ್ಟಾ. ಬೂದಿ, ಇದ್ದಿಲಿನ ಪುಡಿ ಸರಿಯಾಗಿ ಸೋಸದೆ ಸಿಲಿಂಡರಿಗೆ ಹೋಗಿ ಎಣ್ಣೆಯ ಜೊತೆ ಸೇರಿ ಉಜ್ಜುವ ಕಲ್ಲಿನ ಥರ ಕೆಲಸ ಮಾಡ್ತಿತ್ತು. ರಿಂಗು ಸವೆದು, ಬೋರು ಸವೆದು, ಹಿಸುಕುವ ಶಕ್ತಿಯೇ ಇಳೀತಾ ಹೋಗ್ತಿತ್ತು. ಮೊದಲೇ ಬಡಕಲು ಗ್ಯಾಸು, ಅದರ ಮೇಲೆ ಸೋರುವ ಸಿಲಿಂಡರು.

ಅಜ್ಜನ ಡ್ರೈವರಣ್ಣ ಆಗ ಮಾಡ್ತಿದ್ದ ಪರೀಕ್ಷೆಯೇ ಹೆಬ್ಬೆರಳಿನದು. ಪ್ಲಗ್ ಬಿಚ್ಚಿ ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿಯೋದು, ಅಜ್ಜ ಮುಂದೆ ನಿಂತು ಹ್ಯಾಂಡಲ್ ಹೊಡೆಯೋದು. ಬೆರಳನ್ನು "ಫಟ್" ಅಂತ ಒದ್ದು ಎಬ್ಬಿಸಿದರೆ ಆ ಸಿಲಿಂಡರು ಗಟ್ಟಿ. ಸುಮ್ಮನೆ ಉಸಿರು ಬಿಟ್ಟ ಹಾಗೆ ಬಂದರೆ ಹೋಗಿದೆ ಅಂತ. ಹ್ಯಾಂಡಲ್ ಹೊಡೆಯುವವನಿಗೂ ಹೆಬ್ಬೆರಳಿನ ಪಾಠ ಇತ್ತು: ಹಿಡಿಕೆಯ ಸುತ್ತ ಹೆಬ್ಬೆರಳು ಸುತ್ತಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಎಂಜಿನ್ನು ವಾಪಸ್ ಒದ್ದರೆ ಕೈ ಮುರಿಯತ್ತೆ. ಅಮೆರಿಕದಲ್ಲಿ ಕ್ಯಾಡಿಲಾಕ್ ಕಾರಿಗೆ 1912ರಲ್ಲೇ ವಿದ್ಯುತ್ ಸ್ಟಾರ್ಟರ್ ಬಂದಿತ್ತು. ಅಜ್ಜನ ಮಣಿಕಟ್ಟಿಗೆ ಅದರ ಸುದ್ದಿ ತಲುಪೋಕೆ ಇನ್ನೂ ಮೂವತ್ತು ವರ್ಷ ಸಾಲಲಿಲ್ಲ.

ಯುದ್ಧ ಮುಗೀತು. ಪೆಟ್ರೋಲ್ ಬಂತು, ಒಲೆಗಳು ಗುಜರಿಗೆ ಹೋದವು. 1948ರ ಸೆಪ್ಟೆಂಬರ್ 12ಕ್ಕೆ 120 ಬಸ್ಸುಗಳಿಂದ ಮೈಸೂರು ಸರ್ಕಾರದ ಸಾರಿಗೆ ಶುರುವಾಯಿತು. 1954ರಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿಗಳು. ತೋಟಗಳಿಗೆ, ಆಲೆಮನೆಗಳಿಗೆ, ಅಕ್ಕಿ ಗಿರಣಿಗಳಿಗೆ ಕಿರ್ಲೋಸ್ಕರ್ ಆಯಿಲ್ ಎಂಜಿನ್. ಐದು ಕುದುರೆಯ ಆ ಎಂಜಿನ್ನು ನೋಡದೆ ಬೆಳೆದ ಮಲೆನಾಡಿನವರು ನಮ್ಮ ವಯಸ್ಸಿನಲ್ಲಿ ಯಾರೂ ಇಲ್ಲ ಅನ್ನಬಹುದು. ಅದರ ತಲೆಯ ಮೇಲೊಂದು ಪುಟ್ಟ ಲೀವರ್ ಇರತ್ತೆ. ಎತ್ತಿ ಹಿಡಿದರೆ ವಾಲ್ವು ತೆರೆದೇ ಇರತ್ತೆ, ಕಂಪ್ರೆಷನ್ ಇಲ್ಲ, ಹ್ಯಾಂಡಲ್ ಹಗುರವಾಗಿ ತಿರುಗತ್ತೆ. ಚಕ್ರ ಜೋರಾದ ಮೇಲೆ ಲೀವರ್ ಬಿಟ್ಟರೆ ದುಡ್ ದುಡ್ ದುಡ್. ಹಳೇ ಬುಲೆಟ್ಟಿನ ಹ್ಯಾಂಡಲ್ಲಿನಲ್ಲೂ ಇದೇ ಉಪಾಯ ಇತ್ತು. ತೋಟದ ಆಳುಗಳಿಗೆ ಈ ಲೀವರ್ರೇ ಗೇಜು. ಲೀವರ್ ಬಿಟ್ಟಾಗ ಕೈಗೆ ಬರುವ ಎದುರೇಟಿನಿಂದಲೇ "ಈ ಮಳೆಗಾಲ ದಾಟಲ್ಲ, ರಿಂಗ್ ಹಾಕಿಸಬೇಕು" ಅಂತಿದ್ದರು. ಅದು ತಪ್ಪಾಗ್ತಿದ್ದದ್ದು ಕಡಿಮೆ. ಒಂದೇ ಸಿಲಿಂಡರಿನ ಎಂಜಿನ್ನು, ದಿನಾ ಅದೇ ಕೈ. ನಿನ್ನೆಗೂ ಇವತ್ತಿಗೂ ಹೋಲಿಕೆ ಸಿಗ್ತಿತ್ತು.

ತೊಂದರೆ ಬರೋದು ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ, ಇನ್ನೊಬ್ಬರ ಗಾಡಿಯಲ್ಲಿ, ಒಂದೇ ದಿನದಲ್ಲಿ ಹೇಳಬೇಕಾದಾಗ.

ಚಿಕ್ಕಪ್ಪನ ಅಂಬಾಸಿಡರ್ ಪೆಟ್ರೋಲ್ ಗಾಡಿ. 1489 ಸಿಸಿ. ಬ್ಯಾಂಕ್ ಸಾಲದಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಕಂತು ಇನ್ನೂ ಎರಡು ವರ್ಷ ಬಾಕಿ. ಅದಕ್ಕೂ ಮೊದಲು ಹನ್ನೊಂದು ವರ್ಷ ಬೇರೆಯವರ ಗಾಡಿಗೆ ಡ್ರೈವರ್ ಆಗಿದ್ದವರು. ಕಬ್ಬಿಣದ ಕಾರ್ಖಾನೆಗೆ, ಪೇಪರ್ ಮಿಲ್ಲಿಗೆ ಹೊರಗಿನಿಂದ ಬರುವವರು ಇದ್ದೇ ಇರ್ತಿದ್ದರು, ಬಾಡಿಗೆಗೆ ಕೊರತೆ ಇರಲಿಲ್ಲ. 1988ರ ಬೇಸಿಗೆಯಲ್ಲಿ ಗಾಡಿ ಕೆಮ್ಮೋಕೆ ಶುರು ಮಾಡಿತು. ನಿಂತಲ್ಲಿ ನಡುಗತ್ತೆ, ಏರಿನಲ್ಲಿ ಎಳೆಯಲ್ಲ, ಪೆಟ್ರೋಲ್ ನೀರಿನ ಹಾಗೆ ಕುಡಿಯತ್ತೆ. ಯಾವಾಗಲೂ ಬಿಡುವ ಗ್ಯಾರೇಜಿಗೆ ಬಿಟ್ಟರು. (ಹೆಸರು ಬೇಡ. ಆ ಗ್ಯಾರೇಜೂ ಈಗಿಲ್ಲ, ಮೆಕ್ಯಾನಿಕ್ಕೂ ಇಲ್ಲ.) ಪ್ಲಗ್ ಬದಲಾಯಿಸಿದರು, ಪಾಯಿಂಟ್ ಸೆಟ್ ಮಾಡಿದರು, ಕಾರ್ಬ್ಯುರೇಟರ್ ತೊಳೆದರು. ಆಮೇಲೆ ಹೆಬ್ಬೆರಳು ಇಟ್ಟು ನೋಡಿ, "ಕಂಪ್ರೆಷನ್ ಹೋಗಿದೆ ಅಣ್ಣ, ಎಂಜಿನ್ ಕೆಲಸಕ್ಕೆ ಬಂದಿದೆ. ಬೋರ್ ಮಾಡಿಸಿ, ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಹೊಸದು ಹಾಕಿಬಿಡೋಣ" ಅಂದರು. ಎಂಟು ಸಾವಿರದ ಲೆಕ್ಕ.

ಎಂಟು ಸಾವಿರ ಇರಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ "ಗಾಡಿ ಕೊಟ್ಟುಬಿಡ್ತೀನಿ, ಸಾಲ ತೀರಿಸಿ ಉಳಿದದ್ದು ಉಳೀಲಿ, ಮತ್ತೆ ಯಾರದ್ದಾದರೂ ಗಾಡಿ ಓಡಿಸ್ತೀನಿ" ಅಂದಿದ್ದು ನನಗೆ ಚೆನ್ನಾಗಿ ನೆನಪಿದೆ. ರಜಕ್ಕೆ ಹೋಗಿದ್ದ ನಾನು ತಟ್ಟೆ ನೋಡ್ತಾ ಕೂತಿದ್ದೆ. ಚಿಕ್ಕಮ್ಮ ಏನೂ ಹೇಳಲಿಲ್ಲ, ಸಾರು ಬಡಿಸಿದರು. ಅಜ್ಜ ಮಾತ್ರ, "ಕೊಡೋ ಮೊದಲು ಇನ್ನೊಬ್ಬರಿಗೆ ತೋರಿಸು ಮಾರಾಯ" ಅಂದರು.

ಹೀಗೆ ಹೋದದ್ದು ಶಿವಮೊಗ್ಗಕ್ಕೆ, ಸಾಗರ ರಸ್ತೆಯ ಕಡೆ, ಒಬ್ಬ ವಯಸ್ಸಾದ ಮೇಸ್ತ್ರಿಯ ಶೆಡ್ಡಿಗೆ. ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಅಲ್ಲಿ ಒಂದು ತಗಡಿನ ಮಾಡು ಹಾಕಿಕೊಂಡಿದ್ದರು. ಗಾಡಿ ನೋಡಿ ಮೊದಲು ಕೇಳಿದ ಪ್ರಶ್ನೆ: "ಹೊಗೆ ಬರತ್ತಾ? ಆಯಿಲ್ ಕುಡಿಯತ್ತಾ?" ಚಿಕ್ಕಪ್ಪ ಇಲ್ಲ ಅಂದರು. "ಮತ್ತೆ ಬೋರ್ ಯಾಕ್ರೀ ಹೋಗತ್ತೆ?" ಅಂತ ಒಳಗೆ ಹೋಗಿ ಹಳೇ ಬನಿಯನ್ನಿನಲ್ಲಿ ಸುತ್ತಿದ ಒಂದು ಗೇಜು ತಂದರು.

ಅವರು ಮಾಡಿದ ಕ್ರಮ ಪೂರ್ತಿ ಹೇಳ್ತೀನಿ, ಯಾಕಂದರೆ ಇದರಲ್ಲಿ ಒಂದು ತಪ್ಪಿದರೂ ಅಂಕಿ ಸುಳ್ಳು ಹೇಳತ್ತೆ. ಎಂಜಿನ್ ಮೊದಲು ಚೆನ್ನಾಗಿ ಬಿಸಿ ಆಗಬೇಕು, ತಣ್ಣಗಿದ್ದಾಗ ರಿಂಗುಗಳು ಸರಿಯಾಗಿ ಕೂತಿರಲ್ಲ. ನಾಲ್ಕೂ ಪ್ಲಗ್ ಬಿಚ್ಚಬೇಕು, ಒಂದೇ ಅಲ್ಲ. ಕಾಯಿಲ್ ತಂತಿ ತೆಗೆದಿಡಬೇಕು. ಗೇಜನ್ನು ಒಂದನೇ ತೂತಿಗೆ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ಕೊಡಬೇಕು. ನಾನು ಅರ್ಧ ಒತ್ತಿದ್ದೆ. "ಪೂರಾ ತುಳಿಯೋ ಹುಡುಗ, ಗಾಳಿ ಒಳಗೆ ಬರದೆ ಹಿಸುಕೋದು ಏನನ್ನ?" ಅಂತ ಬೈಸಿಕೊಂಡೆ. ಪ್ರತಿ ಸಿಲಿಂಡರಿಗೂ ಐದಾರು ಸಲ ಪಿಸ್ಟನ್ ಮೇಲೆ ಬರುವಷ್ಟು, ಎಲ್ಲಕ್ಕೂ ಒಂದೇ ಎಣಿಕೆ. ಬ್ಯಾಟರಿ ಸೋತಿದ್ದರೆ ನಾಲ್ಕೂ ಕಡಿಮೆ ತೋರಿಸತ್ತೆ, ಹಾಗಾಗಿ ಮೊದಲೇ ಅದನ್ನು ಚಾರ್ಜಿಗೆ ಹಾಕಿದ್ದರು.

ಮುಳ್ಳು ಎಲ್ಲಿಗೆ ನಿಲ್ಲತ್ತೆ ಅನ್ನೋದಷ್ಟೇ ಅಲ್ಲ, ಹೇಗೆ ಏರತ್ತೆ ಅಂತಲೂ ಅವರು ನೋಡ್ತಿದ್ದರು. ಮೊದಲ ಏಟಿಗೆ ಕಡಿಮೆ ಬಂದು ಆಮೇಲೆ ಒಂದೊಂದು ಏಟಿಗೂ ಮೆಟ್ಟಿಲು ಹತ್ತಿದ ಹಾಗೆ ಏರಿದರೆ ರಿಂಗಿನ ಮೇಲೆ ಅನುಮಾನ. ಮೊದಲಿಗೂ ಕಡಿಮೆ, ಕೊನೆಗೂ ಅಲ್ಲೇ ನಿಂತರೆ ವಾಲ್ವು, ಇಲ್ಲಾ ಗ್ಯಾಸ್ಕೆಟ್ಟು. ಒಂದನೆಯದು 125 ಪೌಂಡು. ಎರಡು, 60. ಮೂರು, 60. ನಾಲ್ಕು, 120. ಚಿಕ್ಕಪ್ಪ ಡೈರಿಯಲ್ಲಿ ಬರೆದುಕೊಂಡದ್ದು ಆಗಲೇ.

(ಪುಸ್ತಕದಲ್ಲಿ ಕೊಡುವ ಅಂಕಿ ಸಾಮಾನ್ಯವಾಗಿ ಸಮುದ್ರ ಮಟ್ಟದ್ದು. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಅಲ್ಲಿ 130 ಬರುವ ಗಾಡಿ ಇಲ್ಲಿ 121-122 ತೋರಿಸತ್ತೆ. ಅದೇ ಗಾಡಿ ಕೆಮ್ಮಣ್ಣುಗುಂಡಿಗೆ ಹೋದರೆ 110ರ ಹತ್ತಿರ. ಗಾಡಿ ಕೆಟ್ಟಿದೆ ಅಂತಲ್ಲ, ಗಾಳಿಯೇ ತೆಳು. ಅದಕ್ಕೇ ಒಂದು ಅಂಕಿಗಿಂತ ಅಂಕಿಗಳ ನಡುವಿನ ಅಂತರ ಮುಖ್ಯ. ಎಲ್ಲಕ್ಕಿಂತ ಕಡಿಮೆ ಇರೋದು ಎಲ್ಲಕ್ಕಿಂತ ಹೆಚ್ಚಿರೋದರ ಮುಕ್ಕಾಲು ಪಾಲಾದರೂ ಇರಬೇಕು ಅನ್ನೋದು ರೂಢಿಯ ಲೆಕ್ಕ.)

ಆಮೇಲೆ ಮೇಸ್ತ್ರಿ ಎರಡನೇ ತೂತಿಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಸ್ಟಾರ್ಟರ್ ಕೊಡಿಸಿದರು. ಸವೆದ ರಿಂಗಿನ ಸುತ್ತ ಎಣ್ಣೆ ನಿಂತು ಸಂದು ಮುಚ್ಚತ್ತೆ. ರಿಂಗು ಹೋಗಿದ್ದರೆ ಒತ್ತಡ ಥಟ್ಟನೆ ಏರಬೇಕು. 65ಕ್ಕೆ ನಿಂತಿತು. ಮೂರನೆಯದೂ ಅಷ್ಟೇ. (ಇದನ್ನು ಡೀಸೆಲ್ ಗಾಡಿಗೆ ಮಾಡೋಕೆ ಹೋಗಬೇಡಿ. ಅಲ್ಲಿ ಒತ್ತಡವೇ 400 ಪೌಂಡಿನ ಆಸುಪಾಸು, ಆ ಬಿಸಿಗೆ ನೀವು ಬಿಟ್ಟ ಎಣ್ಣೆಯೇ ಹತ್ತಿಕೊಳ್ಳಬಹುದು.)

"ಅಕ್ಕಪಕ್ಕದ ಎರಡು ಮನೆ, ಎರಡರಲ್ಲೂ ಒಂದೇ ಅಳತೆ ಕಡಿಮೆ, ಎಣ್ಣೆಗೂ ಜಗ್ಗಲ್ಲ. ನಡುವಿನ ಗೋಡೆ ಬಿದ್ದಿದೆ ಕಣ್ರೀ" ಅಂದರು ಮೇಸ್ತ್ರಿ.

ನಡುವಿನ ಗೋಡೆ ಅಂದರೆ ಹೆಡ್ ಗ್ಯಾಸ್ಕೆಟ್. ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ಹಾಳೆ. ಎರಡನೇ ಮತ್ತು ಮೂರನೇ ಸಿಲಿಂಡರುಗಳ ನಡುವೆ ಅದು ಬರೀ ಒಂದು ಸಣ್ಣ ಪಟ್ಟಿ. ಅಂಬಾಸಿಡರ್ ಎಂಜಿನ್ನಿನಲ್ಲಿ ಆ ಎರಡು ಸಿಲಿಂಡರುಗಳ ಹೊಗೆ ಒಂದೇ ದಾರಿಯಲ್ಲಿ ಹೊರಗೆ ಹೋಗತ್ತೆ, ಹಾಗಾಗಿ ಮಧ್ಯದ ಜಾಗಕ್ಕೆ ಬಿಸಿ ಹೆಚ್ಚು. ಹೆಡ್ ಇಳಿಸಿದರೆ ಅಲ್ಲಿ ಆ ಪಟ್ಟಿಯೇ ಇರಲಿಲ್ಲ, ಸುಟ್ಟು ಕರಕಲಾಗಿ ಹೋಗಿತ್ತು. ಒಂದರ ಗಾಳಿ ಇನ್ನೊಂದಕ್ಕೆ ಹೋಗ್ತಿತ್ತು. ಮೇಸ್ತ್ರಿ ಬೋರಿನ ಅಂಚಿಗೆ ಉಗುರು ಎಳೆದು ನೋಡಿದರು, ಚಿಕ್ಕಪ್ಪನ ಕೈಲೂ ಎಳೆಸಿದರು. ಸವೆದಿದ್ದರೆ ಮೇಲೆ ಮೆಟ್ಟಿಲು ಸಿಗಬೇಕು, ಉಗುರಿಗೆ ಹೆಚ್ಚೇನೂ ತಾಗಲಿಲ್ಲ. ಹೆಡ್ಡಿನ ಮುಖ ಸಮ ಮಾಡಿಸಿ, ವಾಲ್ವುಗಳನ್ನು ಉಜ್ಜಿ ಕೂರಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ಒಟ್ಟು ಆರುನೂರಕ್ಕೆ ಒಳಗೆ ಮುಗೀತು. ಮಾರನೇ ವಾರ ಗಾಡಿ ಮತ್ತೆ ಬಾಡಿಗೆಗೆ.

ವಾಪಸ್ ಬರುವಾಗ ಚಿಕ್ಕಪ್ಪ ಮೊದಲ ಮೆಕ್ಯಾನಿಕ್ಕನನ್ನು ದಾರಿಯುದ್ದಕ್ಕೂ ಬೈತಾ ಬಂದರು. ಮೋಸಗಾರ, ಊಟ ಕಿತ್ತುಕೊಳ್ಳೋಕೆ ನೋಡಿದ, ಇತ್ಯಾದಿ. ನಾನೂ ಬಹಳ ವರ್ಷ ಹಾಗೇ ನಂಬಿಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಡೈರಿ ಸಿಕ್ಕ ರಾತ್ರಿ ಒಂದು ಲೆಕ್ಕ ಹಾಕಿದೆ. ಪ್ಲಗ್ಗಿನ ತೂತು ಸುಮಾರು 14 ಮಿಲಿಮೀಟರ್. ಅದರ ಮೇಲೆ ಹೆಬ್ಬೆರಳು ಇಟ್ಟರೆ, 60 ಪೌಂಡಿನ ಒತ್ತಡಕ್ಕೆ ಬೆರಳಿನ ಮೇಲೆ ಬೀಳುವ ಬಲ ಸುಮಾರು ಆರೂವರೆ ಕೆಜಿ. 120 ಪೌಂಡಿಗೆ ಹದಿಮೂರು ಕೆಜಿ. ಬೆರಳು ಅಷ್ಟರವರೆಗೆ ತಡೆದು ನಿಲ್ಲೋದೇ ಇಲ್ಲ, ಅದಕ್ಕೂ ಮೊದಲೇ ಎಗರಿಬಿಡತ್ತೆ. ಅಂದರೆ ಗಟ್ಟಿ ಸಿಲಿಂಡರೂ ಫಟ್ ಅನ್ನತ್ತೆ, ಅರ್ಧ ಸತ್ತ ಸಿಲಿಂಡರೂ ಫಟ್ ಅನ್ನತ್ತೆ. ಪೂರ್ತಿ ಸತ್ತದ್ದನ್ನು ಮಾತ್ರ ಹೆಬ್ಬೆರಳು ಹಿಡಿಯಬಲ್ಲದು. ಅವನಿಗೆ ಎಲ್ಲೋ ಸ್ವಲ್ಪ ವ್ಯತ್ಯಾಸ ಕೈಗೆ ಸಿಕ್ಕಿತ್ತು, ಕಂಪ್ರೆಷನ್ ಹೋಗಿದೆ ಅಂದ. ಅದು ನಿಜವೇ ಆಗಿತ್ತು! ಎಲ್ಲಿಂದ ಹೋಗಿದೆ ಅಂತ ಕೇಳೋಕೆ ಅವನ ಹತ್ತಿರ ಸಾಧನ ಇರಲಿಲ್ಲ. ಅಜ್ಜನ ಡ್ರೈವರಣ್ಣನ ಕಾಲದಲ್ಲಿ ಬೂದಿ ತಿಂದ ಎಂಜಿನ್ನುಗಳಿಗೆ "ಬೋರ್ ಹೋಗಿದೆ" ಅನ್ನೋ ಉತ್ತರ ಹತ್ತಕ್ಕೆ ಒಂಬತ್ತು ಸಲ ಸರಿಯೇ ಇದ್ದಿರಬೇಕು. ಇದ್ದಿಲು ಹೋಯಿತು, ಉತ್ತರ ಮಾತ್ರ ಗುರುವಿನಿಂದ ಶಿಷ್ಯನಿಗೆ ಉಳಿದುಕೊಂಡು ಬಂತು ಅಂತ ನನ್ನ ಊಹೆ.

ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ನಿದ್ದೆ ಕೆಡಿಸಿತು. ಒಂದು ವೇಳೆ ಚಿಕ್ಕಪ್ಪ ಎಂಟು ಸಾವಿರ ಹೊಂದಿಸಿ ಬೋರ್ ಮಾಡಿಸಿದ್ದರೆ? ಬೋರ್ ಮಾಡಬೇಕಾದರೆ ಹೆಡ್ ಇಳಿಸಲೇಬೇಕು. ಇಳಿಸಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಲೇಬೇಕು. ಗಾಡಿ ಖಂಡಿತ ಸರಿ ಹೋಗ್ತಿತ್ತು. ಮೆಕ್ಯಾನಿಕ್ "ನೋಡಿದ್ರಾ, ನಾನು ಹೇಳಿರಲಿಲ್ವಾ" ಅಂತಿದ್ದ, ಚಿಕ್ಕಪ್ಪ ಕೈ ಮುಗೀತಿದ್ದರು, ಅವನೂ ತಾನು ಕಂಡುಹಿಡಿದದ್ದು ಸರಿ ಅಂತಲೇ ಮನಸಾರೆ ನಂಬಿ ಮುಂದಿನ ಗಾಡಿಗೂ ಅದನ್ನೇ ಹೇಳ್ತಿದ್ದ. ತಪ್ಪು ಕಂಡುಹಿಡಿದರೂ ರೋಗ ವಾಸಿ. ಹಾಗೆ ಸುಮ್ಮನೆ ಬೋರ್ ಮಾಡಿಸಿಕೊಂಡ ಗಾಡಿಗಳು ಬಿ.ಎಚ್. ರಸ್ತೆಯಲ್ಲಿ ಎಷ್ಟು ಓಡಿರಬಹುದು? ಅದಕ್ಕಾಗಿ ಗಾಡಿಯನ್ನೇ ಮಾರಿದವರು ಎಷ್ಟು ಜನ? ಇದು ಯಾವ ದಾಖಲೆಗೂ ಬರಲ್ಲ, ಯಾಕಂದರೆ ಮೋಸ ಹೋದೆ ಅಂತ ಯಾರಿಗೂ ಗೊತ್ತೇ ಆಗಿರಲ್ಲ, ಮೋಸ ಮಾಡಿದೆ ಅಂತಲೂ ಗೊತ್ತಿರಲ್ಲ.

ಕಾಲ ಬದಲಾಗಿದೆ. ಮಾರುತಿ 800 ಬಂದದ್ದು 1983ರ ಕೊನೆಯಲ್ಲಿ, ಅಂಬಾಸಿಡರ್ ನಿಂತದ್ದು 2014ರಲ್ಲಿ. ಈಗಿನ ಗಾಡಿಗಳಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಸ್ಟಾರ್ಟರ್ ತಿರುಗಿಸುವಾಗ ಯಾವ ಸಿಲಿಂಡರಿನ ಹತ್ತಿರ ಎಂಜಿನ್ನಿಗೆ ಕಷ್ಟ ಕಡಿಮೆ ಆಗತ್ತೆ ಅನ್ನೋದರಿಂದಲೇ ಸೋರುವುದನ್ನು ಕಂಡುಹಿಡಿಯುತ್ತಾರೆ. ಪ್ಲಗ್ ಬಿಚ್ಚುವುದೂ ಬೇಡ. ಆದರೂ ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಮೊನ್ನೆ ಸುತ್ತಾಡುವಾಗ ಒಬ್ಬ ಹುಡುಗ ಗೂಡ್ಸ್ ಆಟೋದ ಎಂಜಿನ್ನಿಗೆ ಗೇಜು ಸಿಕ್ಕಿಸುತ್ತಿದ್ದದ್ದು ನೋಡಿದೆ, ಅಲ್ಲೇ ಕಾಲು ಗಂಟೆ ನಿಂತೆ. ಅವನು "ಏನ್ ಸಾರ್, ಗಾಡಿ ನಿಮ್ಮದಾ?" ಅಂತ ಕೇಳಿದ ಮೇಲೆ ನಾಚಿಕೆಯಾಗಿ ಹೊರಟೆ.

ಭದ್ರಾವತಿಯಲ್ಲಿ ಪೇಪರ್ ಮಿಲ್ಲು ನಿಂತು ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರ ಜನವರಿಯಲ್ಲಿ, ಅಂದರೆ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ ಬಂತು, ಕಾರ್ಮಿಕರು ಹೋರಾಟಕ್ಕೆ ಕೂತರು, ಆ ವರ್ಷದ ಆಗಸ್ಟಿನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಚಿಕ್ಕಪ್ಪ ಆ ಅಂಬಾಸಿಡರನ್ನು ಕಂತು ಪೂರ್ತಿ ತೀರಿಸಿ ಇನ್ನೂ ಆರು ವರ್ಷ ಓಡಿಸಿದರು. ಬೋರ್ ಮಾಡಿಸಿದ್ದು ಕೊನೆಗೆ 1992ರಲ್ಲಿ, ಗಾಡಿ ನಿಜವಾಗಿಯೂ ಹೊಗೆ ಬಿಡೋಕೆ ಶುರು ಮಾಡಿದ ಮೇಲೆ. ಆವತ್ತೂ ಮೊದಲು ಗೇಜು ಹಾಕಿಸಿದ್ದರಂತೆ. ಆ ಡೈರಿ ಮಾತ್ರ ಅಟ್ಟದಲ್ಲಿ ಸಿಗಲಿಲ್ಲ.

ನಿಮ್ಮ ಮನೆಗಳಲ್ಲಿ ಇದ್ದಿಲು ಬಸ್ಸಿನಲ್ಲಿ ಓಡಾಡಿದವರು, ಓಡಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಕೂತು ಕೇಳಿ ಬರೆದಿಡಿ. ಅವರಿಗೆಲ್ಲ ಈಗ ತೊಂಬತ್ತು ದಾಟಿರತ್ತೆ. ಒಲೆಗೆ ಎಷ್ಟು ಹೊತ್ತು ಗಾಳಿ ಹಾಕ್ತಿದ್ದರು, ಎಷ್ಟು ಮೈಲಿಗೆ ಒಂದು ಮೂಟೆ ಇದ್ದಿಲು, ಎಂಜಿನ್ ಎಷ್ಟು ತಿಂಗಳಿಗೆ ಬಿಚ್ಚಬೇಕಾಗ್ತಿತ್ತು. ನಾನು ಅಜ್ಜನ ಹತ್ತಿರ ಈ ಮೂರನ್ನೂ ಕೇಳಿರಲಿಲ್ಲ.